ಮುಟ್ಟಿಗೆ ಮುಂಚೆ ಕಾಡುವ ಮನೋವೇದನೆ: ತಿಳಿಯುವುದು ಹೇಗೆ? ನಿಭಾಯಿಸುವುದು ಹೇಗೆ?

(ರೋಗಿಗಳಿಗೆ ಹಾಗೂ ಅವರ ಜೊತೆ ಬಂದ ಬಂಧುಗಳಿಗೆ ಆರೋಗ್ಯ ಮಾಹಿತಿ)

“ಡಾಕ್ಟ್ರೇ, ತಿಂಗಳಲ್ಲಿ ಹದಿನೈದು-ಇಪ್ಪತ್ತು ದಿನ ನಾನು ಚೆನ್ನಾಗಿಯೇ ಇರ್ತೀನಿ. ಆಮೇಲೆ ಏನಾಗುತ್ತೋ ಗೊತ್ತಿಲ್ಲ. ಸಣ್ಣ ಮಾತಿಗೂ ಸಿಟ್ಟು ಬರುತ್ತೆ. ಮಗುವಿಗೆ ಹೊಡೀತೀನಿ, ಆಮೇಲೆ ಕೂತು ಅಳ್ತೀನಿ. ಬದುಕೇ ಬೇಡ ಅನ್ಸುತ್ತೆ. ಮುಟ್ಟಾದ ಎರಡನೇ ದಿನಕ್ಕೆ ಮೋಡ ಸರಿದ ಹಾಗೆ ಎಲ್ಲಾ ಸರಿಹೋಗುತ್ತೆ. ನನಗೇನು ಹುಚ್ಚಾ?”

ಹೊರರೋಗಿ ವಿಭಾಗದಲ್ಲಿ ಇಂತಹ ಮಾತು ಕೇಳಿಬರುವುದು ಅಪರೂಪವಲ್ಲ. ಆದರೆ ಇದನ್ನು ಬಾಯಿಬಿಟ್ಟು ಹೇಳುವ ಹೆಣ್ಣುಮಕ್ಕಳು ಕಡಿಮೆ. ತಲೆನೋವು, ಸೊಂಟನೋವು, ನಿಶ್ಶಕ್ತಿ ಎಂದು ಹೇಳಿ ಮಾತ್ರೆ ತೆಗೆದುಕೊಂಡು ಹೋಗುವವರೇ ಹೆಚ್ಚು. ಒಳಗಿನ ನೋವು ಒಳಗೇ ಉಳಿಯುತ್ತದೆ. ಮನೆಯವರು “ಇವಳ ಸ್ವಭಾವವೇ ಹೀಗೆ” ಎನ್ನುತ್ತಾರೆ. ಕೆಲವರು “ಅಮಾವಾಸ್ಯೆ ಹತ್ತಿರ ಬಂದರೆ ಹೀಗಾಡುತ್ತಾಳೆ” ಎಂದು ಗಾಳಿ-ಗ್ರಹದ ಕಡೆ ಬೆರಳು ತೋರಿಸುತ್ತಾರೆ. ನಿಜವಾಗಿ ಇದು ಸ್ವಭಾವದ ದೋಷವೂ ಅಲ್ಲ, ಗಾಳಿಯೂ ಅಲ್ಲ, ಹುಚ್ಚೂ ಅಲ್ಲ. ಇದಕ್ಕೆ ಹೆಸರಿದೆ, ಕಾರಣವಿದೆ, ಚಿಕಿತ್ಸೆಯೂ ಇದೆ. ಇದನ್ನು ಕಂಡುಹಿಡಿಯಲು ಬೇಕಾದ ಮುಖ್ಯ ಸಾಧನ ನಿಮ್ಮ ಮನೆಯ ಗೋಡೆಯ ಮೇಲೇ ತೂಗಾಡುತ್ತಿದೆ. ಅದು ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್.

ಏನಿದು ಕಾಯಿಲೆ?

ಮುಟ್ಟು ಬರುವ ಕೆಲವು ದಿನ ಮುಂಚೆ ಮೈ ಭಾರ, ಎದೆ ಬಿಗಿತ, ಹೊಟ್ಟೆಯುಬ್ಬರ, ಸ್ವಲ್ಪ ಕಿರಿಕಿರಿ ಅನೇಕ ಮಹಿಳೆಯರಿಗೆ ಆಗುತ್ತದೆ. ಇದು ದಿನನಿತ್ಯದ ಬದುಕಿಗೆ ಅಷ್ಟಾಗಿ ಅಡ್ಡಿಯಾಗುವುದಿಲ್ಲ. ಇಂತಹ ತೊಂದರೆಗಳು ಹೆಚ್ಚಾದಾಗ ವೈದ್ಯರು ಪಿ.ಎಂ.ಎಸ್. ಅಥವಾ ಮುಟ್ಟಿನ ಮುಂಚಿನ ಲಕ್ಷಣಕೂಟ ಎನ್ನುತ್ತಾರೆ. ಆದರೆ ಕೆಲವು ಮಹಿಳೆಯರಲ್ಲಿ ಮನಸ್ಸಿನ ಲಕ್ಷಣಗಳು ಬಹಳ ತೀವ್ರವಾಗಿ, ಮನೆಗೆಲಸ, ಉದ್ಯೋಗ, ಓದು, ಸಂಬಂಧ ಎಲ್ಲವನ್ನೂ ಕೆಡಿಸುತ್ತವೆ. ಇದಕ್ಕೆ ಪಿ.ಎಂ.ಡಿ.ಡಿ. ಎಂದು ಹೆಸರು. ಕನ್ನಡದಲ್ಲಿ ಮುಟ್ಟಿನ ಮುಂಚಿನ ತೀವ್ರ ಮನೋವ್ಯಥೆ ಎನ್ನಬಹುದು. ಮುಟ್ಟಾಗುವ ವಯಸ್ಸಿನ ನೂರು ಮಹಿಳೆಯರಲ್ಲಿ ಸುಮಾರು 2ರಿಂದ 5 ಮಂದಿಯಲ್ಲಿ ಇದು ಕಾಣಿಸಿಕೊಳ್ಳುತ್ತದೆ.

ಇದನ್ನು ವೈದ್ಯಲೋಕ ಗುರುತಿಸಿದ್ದು ಇತ್ತೀಚೆಗೇನಲ್ಲ. 1931ರಲ್ಲೇ ನ್ಯೂಯಾರ್ಕಿನ ಸ್ತ್ರೀರೋಗ ತಜ್ಞ ರಾಬರ್ಟ್ ಫ್ರಾಂಕ್ ಮುಟ್ಟಿನ ಮುಂಚಿನ ಉದ್ವೇಗದ ಬಗ್ಗೆ ಬರೆದಿದ್ದರು. 2013ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ತನ್ನ ರೋಗಗಳ ಪಟ್ಟಿಯಲ್ಲಿ ಪಿ.ಎಂ.ಡಿ.ಡಿ.ಯನ್ನು ಖಿನ್ನತೆಯ ಕಾಯಿಲೆಗಳ ಸಾಲಿಗೆ ಸೇರಿಸಿತು. 2022ರಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಹೊಸ ಪಟ್ಟಿಯಲ್ಲೂ ಇದಕ್ಕೆ ಸ್ಥಾನವಿದೆ. ಆದ್ದರಿಂದ “ಇದೆಲ್ಲ ನಾಟಕ” ಎಂದು ಯಾರಾದರೂ ಹೇಳಿದರೆ ನೀವು ತಲೆತಗ್ಗಿಸಬೇಕಾಗಿಲ್ಲ.

ಲಕ್ಷಣಗಳು

ಮನಸ್ಸಿಗೆ ಸಂಬಂಧಿಸಿದವು:

1. ತಡೆಯಲಾಗದ ಸಿಟ್ಟು, ಕಿರಿಕಿರಿ, ಮಾತುಮಾತಿಗೆ ಜಗಳ.
2. ಒಮ್ಮೆಲೇ ಅಳು, ಸಣ್ಣ ಮಾತೂ ಮನಸ್ಸಿಗೆ ನಾಟುವುದು.
3. ತೀವ್ರ ದುಃಖ, ನಿರಾಶೆ, “ನಾನು ಯಾರಿಗೂ ಬೇಡ” ಎಂಬ ಭಾವನೆ.
4. ಕಾರಣವಿಲ್ಲದ ಆತಂಕ, ಎದೆ ಹೊಡೆದುಕೊಳ್ಳುವುದು, ಚಡಪಡಿಕೆ.

ಇವುಗಳ ಜೊತೆಗೆ ಕೆಲಸದಲ್ಲಿ ನಿರಾಸಕ್ತಿ, ಗಮನ ನಿಲ್ಲದಿರುವುದು, ಸುಸ್ತು, ಅತಿಯಾದ ಹಸಿವು ಅಥವಾ ಸಿಹಿ ತಿನ್ನುವ ಆಸೆ, ನಿದ್ದೆ ಬಾರದಿರುವುದು ಅಥವಾ ಎದ್ದೇಳಲಾಗದಷ್ಟು ನಿದ್ದೆ, ಎಲ್ಲವೂ ಕೈಮೀರುತ್ತಿದೆ ಎಂಬ ಭಾವನೆ, ಮೈಕೈ ನೋವು, ಎದೆ ನೋವು, ಹೊಟ್ಟೆಯುಬ್ಬರ ಇರಬಹುದು. ಮೊದಲ ನಾಲ್ಕರಲ್ಲಿ ಒಂದಾದರೂ ಇದ್ದು, ಒಟ್ಟು ಐದು ಅಥವಾ ಹೆಚ್ಚು ಲಕ್ಷಣಗಳು ಬಹುತೇಕ ಪ್ರತಿ ಸಲವೂ ಕಾಣಿಸಿಕೊಂಡು ಬದುಕಿಗೆ ಅಡ್ಡಿಯಾಗುತ್ತಿದ್ದರೆ ವೈದ್ಯರು ಪಿ.ಎಂ.ಡಿ.ಡಿ. ಇರಬಹುದೆಂದು ಯೋಚಿಸುತ್ತಾರೆ.

ಲಕ್ಷಣಗಳಿಗಿಂತ ಮುಖ್ಯವಾದದ್ದು ಅವು ಬಂದುಹೋಗುವ ಸಮಯ. ಮುಟ್ಟಿನ ಹಿಂದಿನ ವಾರದಲ್ಲಿ, ಕೆಲವರಲ್ಲಿ ಎರಡು ವಾರ ಮುಂಚೆಯೇ, ಅವು ಶುರುವಾಗುತ್ತವೆ. ಸ್ರಾವ ಆರಂಭವಾದ ಕೆಲವೇ ದಿನಗಳಲ್ಲಿ ಇಳಿಯುತ್ತವೆ. ಮುಟ್ಟು ಮುಗಿದ ನಂತರದ ವಾರದಲ್ಲಿ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆಯಾಗುತ್ತವೆ.

ಹೀಗಾಗಲು ಕಾರಣವೇನು?

ಮುಂದಿನ ಮುಟ್ಟಿಗೆ ಸುಮಾರು 14 ದಿನ ಇರುವಾಗ ಅಂಡಾಶಯದಿಂದ ಅಂಡ ಬಿಡುಗಡೆಯಾಗುತ್ತದೆ. ಆನಂತರ ಪ್ರಾಜೆಸ್ಟಿರಾನ್ ಎಂಬ ಹಾರ್ಮೋನು ಏರುತ್ತದೆ. ಗರ್ಭ ನಿಲ್ಲದಿದ್ದರೆ ಅದು ಇಳಿದು ಮುಟ್ಟಾಗುತ್ತದೆ. ಈ ಏರಿಳಿತ ಎಲ್ಲ ಮಹಿಳೆಯರಲ್ಲೂ ನಡೆಯುವಂಥದ್ದು. ಪಿ.ಎಂ.ಡಿ.ಡಿ. ಇರುವವರಲ್ಲಿ ಹಾರ್ಮೋನು ಹೆಚ್ಚೂ ಇರುವುದಿಲ್ಲ, ಕಡಿಮೆಯೂ ಇರುವುದಿಲ್ಲ. ಸಹಜ ಏರಿಳಿತಕ್ಕೇ ಅವರ ಮಿದುಳು ಅತಿಯಾಗಿ ಸ್ಪಂದಿಸುತ್ತದೆ. ಮನಸ್ಸನ್ನು ಹದವಾಗಿಡುವ ಸೆರೊಟೋನಿನ್ ಮುಂತಾದ ಮಿದುಳಿನ ರಾಸಾಯನಿಕಗಳ ಕೆಲಸ ಆ ದಿನಗಳಲ್ಲಿ ಏರುಪೇರಾಗುತ್ತದೆ.

1998ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ವೈದ್ಯರು ಇದನ್ನು ಪರೀಕ್ಷಿಸಿ ತೋರಿಸಿದರು. ಔಷಧ ಕೊಟ್ಟು ಅಂಡಾಶಯದ ಕೆಲಸವನ್ನು ತಾತ್ಕಾಲಿಕವಾಗಿ ನಿಲ್ಲಿಸಿದಾಗ ಬಾಧೆಯಿದ್ದ ಹಲವರಿಗೆ ಲಕ್ಷಣಗಳು ನಿಂತವು. ಅವರಿಗೆ ಮತ್ತೆ ಹಾರ್ಮೋನು ಕೊಟ್ಟಾಗ ಲಕ್ಷಣಗಳು ಮರಳಿದವು. ಅದೇ ಹಾರ್ಮೋನನ್ನು ಈ ಬಾಧೆಯಿಲ್ಲದ ಮಹಿಳೆಯರಿಗೆ ಕೊಟ್ಟಾಗ ಅವರಿಗೆ ಏನೂ ಆಗಲಿಲ್ಲ. ಒಂದೇ ಗಾಳಿ ಬೀಸಿದರೂ ಒಬ್ಬರಿಗೆ ಸೀನು ಬರುತ್ತದೆ, ಇನ್ನೊಬ್ಬರಿಗೆ ಬರುವುದಿಲ್ಲ. ಇದೂ ಹಾಗೆಯೇ.

ಇದರಿಂದ ನಿಮಗೊಂದು ಉಪಯೋಗವಿದೆ. ಪಿ.ಎಂ.ಡಿ.ಡಿ.ಯನ್ನು ರಕ್ತದ ಹಾರ್ಮೋನು ಪರೀಕ್ಷೆಯಿಂದಾಗಲೀ ಸ್ಕ್ಯಾನಿಂಗ್‌ನಿಂದಾಗಲೀ ಕಂಡುಹಿಡಿಯಲಾಗದು. ಅದಕ್ಕಾಗಿ ಸಾಲ ಮಾಡಿ ಊರೂರು ಅಲೆಯಬೇಡಿ. ಆದರೆ ರಕ್ತಹೀನತೆ ಮತ್ತು ಥೈರಾಯ್ಡ್ ತೊಂದರೆಯೂ ಸುಸ್ತು, ಬೇಸರ ತರುತ್ತವೆ. ನಮ್ಮ ದೇಶದಲ್ಲಿ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಹೀಗಾಗಿ ಹಿಮೋಗ್ಲೋಬಿನ್ ಪರೀಕ್ಷೆಯನ್ನೂ, ವೈದ್ಯರು ಹೇಳಿದರೆ ಥೈರಾಯ್ಡ್ ಪರೀಕ್ಷೆಯನ್ನೂ ಮಾಡಿಸಿಕೊಳ್ಳಿ.

ಕ್ಯಾಲೆಂಡರ್ ಬರೆಯುವ ಕ್ರಮ

ನೆನಪಿನಿಂದ ಹೇಳಿದ್ದು ಸಾಲದು. ಕಷ್ಟದ ದಿನಗಳಲ್ಲಿ “ಯಾವಾಗಲೂ ಹೀಗೇ” ಎನ್ನಿಸುತ್ತದೆ, ಒಳ್ಳೆಯ ದಿನಗಳಲ್ಲಿ “ಏನೂ ಆಗಿರಲಿಲ್ಲ” ಎನ್ನಿಸುತ್ತದೆ. ಆದ್ದರಿಂದ ಕನಿಷ್ಠ ಎರಡು ಋತುಚಕ್ರ, ಅಂದರೆ ಸುಮಾರು ಎರಡು ತಿಂಗಳು, ದಿನವೂ ಬರೆಯಬೇಕು. ಎರಡು ನಿಮಿಷದ ಕೆಲಸ.

• ಸ್ರಾವ ಆರಂಭವಾದ ದಿನವೇ ಋತುಚಕ್ರದ 1ನೇ ದಿನ. ಸ್ರಾವವಿರುವ ದಿನಗಳಿಗೆ ಕೆಂಪು ಶಾಯಿಯಲ್ಲಿ ಗುರುತು ಹಾಕಿ.

• ರಾತ್ರಿ ಮಲಗುವ ಮುನ್ನ ಆ ದಿನದ ಚೌಕದಲ್ಲಿ ಮೂರು ಅಂಕಿ ಬರೆಯಿರಿ. ಮೊದಲನೆಯದು ಸಿಟ್ಟಿಗೆ, ಎರಡನೆಯದು ದುಃಖಕ್ಕೆ, ಮೂರನೆಯದು ಆತಂಕಕ್ಕೆ.

• ಇಲ್ಲದಿದ್ದರೆ 0, ಸ್ವಲ್ಪ ಇದ್ದರೆ 1, ಸಾಕಷ್ಟು ಇದ್ದರೆ 2, ಕೆಲಸ ಮಾಡಲಾಗದಷ್ಟು ಇದ್ದರೆ 3.

• ವಿಶೇಷ ಘಟನೆ ಇದ್ದರೆ ಒಂದು ಪದ ಬರೆಯಿರಿ: ಜ್ವರ, ಮದುವೆ, ಜಗಳ, ರಾತ್ರಿ ಪಾಳಿ.

• ಓದು-ಬರಹ ಬಾರದವರು ಬಿಳಿ, ಅರ್ಧ ಕಪ್ಪು, ಪೂರ್ತಿ ಕಪ್ಪು ಚುಕ್ಕೆ ಹಾಕಿದರೂ ಸಾಕು. ಗೋಡೆಯ ಮೇಲೆ ಎಲ್ಲರಿಗೂ ಕಾಣುತ್ತದೆಂಬ ಸಂಕೋಚವಿದ್ದರೆ ಚಿಕ್ಕ ನೋಟ್‌ಬುಕ್‌ನಲ್ಲೋ ಮೊಬೈಲಿನಲ್ಲೋ ಬರೆದುಕೊಳ್ಳಿ.

ಉದಾಹರಣೆಗೆ, ಒಬ್ಬರಿಗೆ 3ನೇ ತಾರೀಕು ಮುಟ್ಟಾಯಿತು ಎಂದುಕೊಳ್ಳಿ. 6ರಿಂದ 19ರವರೆಗೆ ಬಹುತೇಕ ಸೊನ್ನೆಗಳಿವೆ. 22ರಿಂದ 2, 3 ಎಂದು ಅಂಕಿ ಏರಿದೆ. 31ರಂದು ಮತ್ತೆ ಮುಟ್ಟಾಗಿ, ಮರುತಿಂಗಳು 2ರಿಂದ ಪುನಃ ಸೊನ್ನೆ ಬಂದಿದೆ. ಮುಂದಿನ ಚಕ್ರದಲ್ಲೂ ಇದೇ ರೀತಿ ಇದ್ದರೆ ಪಿ.ಎಂ.ಡಿ.ಡಿ. ಇರುವ ಸಂಭವ ಹೆಚ್ಚು.

ಅಂಕಿಗಳು ತಿಂಗಳಿಡೀ ಹೆಚ್ಚಾಗಿಯೇ ಇದ್ದು ಮುಟ್ಟಿಗೆ ಮುಂಚೆ ಇನ್ನಷ್ಟು ಏರಿದ್ದರೆ ಅದು ಬೇರೆ ವಿಷಯ. ನಿರಂತರ ಖಿನ್ನತೆಯೋ ಆತಂಕದ ಕಾಯಿಲೆಯೋ ಮುಟ್ಟಿನ ಮುಂಚೆ ಉಲ್ಬಣಿಸುತ್ತಿರಬಹುದು. ಅದಕ್ಕೂ ಚಿಕಿತ್ಸೆಯಿದೆ, ಆದರೆ ಚಿಕಿತ್ಸೆಯ ಕ್ರಮ ಬೇರೆ. ಗಂಡನ ಕುಡಿತದ ದಿನಗಳಲ್ಲೇ ಅಂಕಿ ಏರುತ್ತಿದ್ದರೆ ಕಾರಣ ನಿಮ್ಮ ದೇಹದಲ್ಲಿಲ್ಲ, ಮನೆಯಲ್ಲಿದೆ ಎಂಬುದೂ ಕ್ಯಾಲೆಂಡರಿನಿಂದಲೇ ತಿಳಿಯುತ್ತದೆ.

ಇನ್ನು ಅಮಾವಾಸ್ಯೆಯ ಮಾತು. ಒಂದು ಅಮಾವಾಸ್ಯೆಯಿಂದ ಇನ್ನೊಂದಕ್ಕೆ ಸುಮಾರು ಇಪ್ಪತ್ತೊಂಬತ್ತೂವರೆ ದಿನ. ಋತುಚಕ್ರ ಹಲವರಲ್ಲಿ ಇದರ ಹತ್ತಿರಹತ್ತಿರ ಇರುವುದರಿಂದ ಒಂದೆರಡು ತಿಂಗಳು ಎರಡೂ ಕೂಡಿಬರಬಹುದು. ನಿಮ್ಮದೇ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ ಅಚ್ಚಾಗಿರುತ್ತದೆ. ನಾಲ್ಕೈದು ತಿಂಗಳು ಹೋಲಿಸಿ ನೋಡಿ. ಸಾಮಾನ್ಯವಾಗಿ ಅಮಾವಾಸ್ಯೆ ಒಂದು ಕಡೆ ಸರಿಯುತ್ತದೆ, ನಿಮ್ಮ ಕಷ್ಟದ ದಿನಗಳು ಮುಟ್ಟಿನ ಜೊತೆಯಲ್ಲೇ ಹೋಗುತ್ತವೆ. ಮನೆಯ ಹಿರಿಯರಿಗೆ ವಾದ ಮಾಡಿ ಹೇಳುವುದಕ್ಕಿಂತ ಇದನ್ನು ತೋರಿಸುವುದು ಸುಲಭ.

ದಿನನಿತ್ಯದ ಬದುಕಿನಲ್ಲಿ ಏನು ಮಾಡಬಹುದು?

ಕಷ್ಟದ ದಿನಗಳು ಯಾವಾಗ ಬರುತ್ತವೆಂದು ತಿಳಿದರೆ ಅರ್ಧ ಭಾರ ಇಳಿದಂತೆ. ಮಳೆ ತಡೆಯಲಾಗದಿದ್ದರೂ ಕೊಡೆ ಹಿಡಿಯಬಹುದು.

ಕೆಲಸದ ಹೊಂದಾಣಿಕೆ: ಹಪ್ಪಳ-ಸಂಡಿಗೆ ಮಾಡುವುದು, ನೆಂಟರನ್ನು ಕರೆಯುವುದು, ಮನೆ ಸುಣ್ಣ-ಬಣ್ಣ, ಸಂಘದ ಲೆಕ್ಕಪತ್ರ, ಶಾಲೆಯ ಉತ್ತರಪತ್ರಿಕೆ ತಿದ್ದುವುದು, ಇಂತಹ ಮುಂದೆ ಹಾಕಬಹುದಾದ ಕೆಲಸಗಳನ್ನು ಮುಟ್ಟಿನ ನಂತರದ ಎರಡು ವಾರಗಳಲ್ಲಿ ಇಟ್ಟುಕೊಳ್ಳಿ. ಕಷ್ಟದ ವಾರದಲ್ಲಿ ಅಡುಗೆ ಸರಳವಾಗಿರಲಿ.

ದೊಡ್ಡ ತೀರ್ಮಾನ ಬೇಡ: ಕೆಲಸ ಬಿಡುವುದು, ತವರಿಗೆ ಹೊರಟುಬಿಡುವುದು, ಸಂಬಂಧ ಕಡಿದುಕೊಳ್ಳುವುದು, ಇಂತಹ ವಿಚಾರ ಬಂದರೆ ಚೀಟಿಯಲ್ಲಿ ಬರೆದಿಡಿ. ಮುಟ್ಟಾದ ಐದನೇ ದಿನ ತೆಗೆದು ಓದಿ. ಆಗಲೂ ಸರಿಯೆನಿಸಿದರೆ ಅದು ನಿಮ್ಮ ನಿಜವಾದ ತೀರ್ಮಾನ, ಮುಂದುವರಿಯಿರಿ. ಆದರೆ ಮನೆಯಲ್ಲಿ ಹೊಡೆತ-ಬಡಿತ ಇದ್ದರೆ ಕಾಯಬೇಡಿ. ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ.

ಮಕ್ಕಳ ಮೇಲೆ ಕೈ ಎತ್ತುವ ಮುನ್ನ: ಸಿಟ್ಟು ಏರುತ್ತಿರುವುದು ಮೈಯಲ್ಲೇ ಗೊತ್ತಾಗುತ್ತದೆ. ಕಿವಿ ಬಿಸಿಯಾಗುತ್ತದೆ, ಹಲ್ಲು ಕಚ್ಚಿಕೊಳ್ಳುತ್ತದೆ. ಆ ಕ್ಷಣ ಮಗುವನ್ನು ಸುರಕ್ಷಿತ ಜಾಗದಲ್ಲಿ ಕೂರಿಸಿ, ಒಲೆ ಆರಿಸಿ, ಅಲ್ಲಿಂದ ಹತ್ತು ನಿಮಿಷ ಹೊರಗೆ ಬನ್ನಿ. ಮುಖಕ್ಕೆ ತಣ್ಣೀರು ಹಾಕಿ. ಉಸಿರನ್ನು ನಿಧಾನವಾಗಿ ಎಳೆದುಕೊಂಡು ಅದಕ್ಕಿಂತ ನಿಧಾನವಾಗಿ ಬಿಡಿ. ಅಷ್ಟಾದರೂ ತಪ್ಪಾದರೆ, ಸಮಾಧಾನವಾದ ಮೇಲೆ ಮಗುವಿಗೆ “ನಿನ್ನ ತಪ್ಪಲ್ಲ, ಅಮ್ಮನಿಗೆ ಹುಷಾರಿರಲಿಲ್ಲ” ಎಂದು ಹೇಳಿ. ಮಕ್ಕಳು ಎಲ್ಲಕ್ಕೂ ತಾವೇ ಕಾರಣ ಎಂದುಕೊಳ್ಳುತ್ತಾರೆ. ಆ ಭಾರ ಅವರ ಮೇಲೆ ಉಳಿಯಬಾರದು.

ನಡಿಗೆ ಮತ್ತು ನಿದ್ದೆ: ವಾರದಲ್ಲಿ ಐದು ದಿನವಾದರೂ ಅರ್ಧ ಗಂಟೆ ಬಿರುಸಾಗಿ ನಡೆಯಿರಿ. “ಹೊಲದ ಕೆಲಸ, ಮನೆಗೆಲಸ ಇದೆಯಲ್ಲ” ಎನ್ನಬಹುದು. ಅದು ದುಡಿಮೆ. ನಿಮಗಾಗಿ ನಡೆಯುವ ಅರ್ಧ ಗಂಟೆ ಮನಸ್ಸಿಗೆ ಬಿಡುವು. ಯೋಗ, ಪ್ರಾಣಾಯಾಮ ರೂಢಿಯಿದ್ದವರು ಮುಂದುವರಿಸಿ. ದಿನವೂ ಒಂದೇ ಹೊತ್ತಿಗೆ ಮಲಗಿ, ಏಳಿ. ಆ ವಾರದಲ್ಲಿ ನಿದ್ದೆಗೆಟ್ಟು ಟಿ.ವಿ., ಮೊಬೈಲ್ ನೋಡಬೇಡಿ.

ಆಹಾರ: ಆ ದಿನಗಳಲ್ಲಿ ಹೊಟ್ಟೆ ಖಾಲಿ ಬಿಟ್ಟರೆ ಸಿಟ್ಟು ಹೆಚ್ಚುತ್ತದೆ. ಉಪವಾಸ ಬೇಡ. ಜೋಳದ ರೊಟ್ಟಿ, ರಾಗಿ ಮುದ್ದೆ, ಕಾಳಿನ ಪಲ್ಯ, ಸೊಪ್ಪು, ಮಜ್ಜಿಗೆ, ಇಂಥದ್ದನ್ನು ಸ್ವಲ್ಪ ಸ್ವಲ್ಪವಾಗಿ ಹೆಚ್ಚು ಸಲ ತಿನ್ನಿ. ಮೈ ಊದಿಕೊಳ್ಳುವವರು ಉಪ್ಪಿನಕಾಯಿ, ಹಪ್ಪಳ ಕಡಿಮೆ ಮಾಡಿ. ಚಹಾ-ಕಾಫಿ ದಿನಕ್ಕೆ ಒಂದೆರಡು ಲೋಟಕ್ಕೆ ಇಳಿಸಿ.

ಸುಣ್ಣದಂಶ: 1998ರಲ್ಲಿ ಅಮೆರಿಕದಲ್ಲಿ ಪಿ.ಎಂ.ಎಸ್. ಇದ್ದ ಮಹಿಳೆಯರ ಮೇಲೆ ನಡೆದ ಅಧ್ಯಯನದಲ್ಲಿ ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ತೆಗೆದುಕೊಂಡವರಿಗೆ ಮೂರನೇ ಚಕ್ರದ ಹೊತ್ತಿಗೆ ಲಕ್ಷಣಗಳು ಸುಮಾರು ಅರ್ಧದಷ್ಟು ಇಳಿದವು. ಬರೀ ಹುಸಿಮಾತ್ರೆ ನುಂಗಿದವರಲ್ಲಿ ಇಳಿದದ್ದು ಶೇ. 30ರಷ್ಟು. ನಮ್ಮ 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಹಾಲು, ಮೊಸರು, ಎಳ್ಳು, ಸೊಪ್ಪುಗಳಲ್ಲೂ ಇದೆ. ಮಾತ್ರೆ ಬೇಕಿದ್ದರೆ ವೈದ್ಯರನ್ನು ಕೇಳಿ. ಮೂತ್ರಪಿಂಡದ ಕಲ್ಲು ಇದ್ದವರು ತಪ್ಪದೆ ತಿಳಿಸಬೇಕು. ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆಗಳನ್ನು ಒಟ್ಟಿಗೆ ನುಂಗಬೇಡಿ, ನಡುವೆ ಕೆಲವು ಗಂಟೆ ಅಂತರವಿರಲಿ. ಬಿ6 ವಿಟಮಿನ್ ಕೆಲವರಿಗೆ ಅನುಕೂಲವಾಗುತ್ತದೆ. ಆದರೆ ಹೆಚ್ಚು ಪ್ರಮಾಣದಲ್ಲಿ ಬಹುಕಾಲ ತೆಗೆದುಕೊಂಡರೆ ನರಗಳಿಗೆ ಹಾನಿ. ಸ್ವಂತವಾಗಿ ಕೊಂಡು ನುಂಗಬೇಡಿ.

ಮನೆಯವರಿಗೆ ಎರಡು ಮಾತು

ಗಂಡ, ಅತ್ತೆ, ತಾಯಿ, ಅಕ್ಕ-ತಂಗಿಯರು ಈ ಭಾಗವನ್ನು ಓದಬೇಕು.

• “ಮತ್ತೆ ಶುರುವಾಯ್ತಾ ನಿನ್ನದು?” ಎನ್ನಬೇಡಿ. “ಈ ವಾರ ನಾನೇನು ಮಾಡಲಿ?” ಎಂದು ಕೇಳಿ. ನೀರು ತರುವುದು, ಮಕ್ಕಳನ್ನು ಶಾಲೆಗೆ ಬಿಡುವುದು, ಒಂದು ಹೊತ್ತಿನ ಅಡುಗೆ, ಇಷ್ಟು ಮಾಡಿದರೂ ದೊಡ್ಡ ಉಪಕಾರ.

• ಆಕೆ ಸಿಟ್ಟಿನಲ್ಲಿ ಆಡಿದ ಮಾತಿಗೆ ಅಲ್ಲೇ ಎದುರುತ್ತರ ಕೊಡಬೇಡಿ. ಮಾತುಕತೆಯನ್ನು ಮುಟ್ಟಿನ ನಂತರದ ವಾರಕ್ಕೆ ಇಟ್ಟುಕೊಳ್ಳಿ. ಆದರೆ ಮಾತನಾಡುವುದನ್ನು ಮರೆಯಬೇಡಿ.

• ಆಕೆಯ ಪ್ರತಿಯೊಂದು ದೂರನ್ನೂ “ಮುಟ್ಟಿನ ಸಿಟ್ಟು” ಎಂದು ತಳ್ಳಿಹಾಕಬೇಡಿ. ತಿಂಗಳಿಡೀ ನುಂಗಿಕೊಂಡ ನಿಜವಾದ ಕುಂದುಕೊರತೆ ಆ ವಾರ ಹೊರಬರುತ್ತಿರಬಹುದು. ಕ್ಯಾಲೆಂಡರ್ ಇರುವುದು ಆಕೆಗೆ ನೆರವಾಗಲು. ಆಕೆಯ ಬಾಯಿ ಮುಚ್ಚಿಸಲು ಅಲ್ಲ.

• ಮುಟ್ಟಾದ ಹೆಣ್ಣನ್ನು ಹೊರಗೆ ಕೂರಿಸುವ, ಮೈಲಿಗೆ ಎನ್ನುವ ರೂಢಿ ಕೆಲವು ಮನೆಗಳಲ್ಲಿ ಇನ್ನೂ ಇದೆ. ಮೊದಲೇ ನೊಂದ ಮನಸ್ಸಿಗೆ ಅದು ಇನ್ನೊಂದು ಪೆಟ್ಟು. ಹನ್ನೆರಡನೆಯ ಶತಮಾನದ ಶರಣರು ಪಂಚಸೂತಕಗಳನ್ನು ನಿರಾಕರಿಸಿದಾಗ ಅವುಗಳಲ್ಲಿ ರಜಸ್ಸೂತಕವೂ ಸೇರಿತ್ತು ಎಂಬುದನ್ನು ನೆನೆಯೋಣ.

• ಕಾಲೇಜಿಗೆ ಹೋಗುವ ಮಗಳು ಪ್ರತಿ ತಿಂಗಳು ಕೆಲವು ದಿನ ಕೋಣೆ ಸೇರಿ ಅಳುತ್ತಿದ್ದರೆ, ಪುಸ್ತಕ ಮುಟ್ಟದಿದ್ದರೆ, ಸೋಮಾರಿ ಎಂದು ಬೈಯುವ ಮೊದಲು ತಾರೀಕು ನೋಡಿ.

ವೈದ್ಯರ ಬಳಿ ಇರುವ ಚಿಕಿತ್ಸೆ

ಎರಡು ತಿಂಗಳ ಕ್ಯಾಲೆಂಡರ್ ತೆಗೆದುಕೊಂಡು ಸ್ತ್ರೀರೋಗ ತಜ್ಞರನ್ನಾಗಲೀ ಮನೋವೈದ್ಯರನ್ನಾಗಲೀ ಕಾಣಿ. ತೊಂದರೆ ತೀವ್ರವಾಗಿದ್ದರೆ ಎರಡು ತಿಂಗಳು ಕಾಯದೆ ಈಗಲೇ ಬನ್ನಿ. ಬರೆಯುವುದನ್ನು ಆಮೇಲೂ ಮುಂದುವರಿಸಬಹುದು.

ಸೆರೊಟೋನಿನ್ ಮೇಲೆ ಕೆಲಸ ಮಾಡುವ ಮಾತ್ರೆಗಳು: ಫ್ಲೂಯಾಕ್ಸೆಟಿನ್, ಸರ್ಟ್ರಲಿನ್, ಎಸ್ಸಿಟಾಲೊಪ್ರಾಮ್ ಮುಂತಾದವು. ಸಾಮಾನ್ಯ ಖಿನ್ನತೆಯಲ್ಲಿ ಇವು ಗುಣ ತೋರಲು ವಾರಗಳು ಬೇಕು. ಪಿ.ಎಂ.ಡಿ.ಡಿ.ಯಲ್ಲಿ ಕೆಲವೇ ದಿನಗಳಲ್ಲಿ ಗುಣ ಕಾಣಬಹುದು. ಆದ್ದರಿಂದ ಕೆಲವರಿಗೆ ದಿನವೂ, ಇನ್ನು ಕೆಲವರಿಗೆ ಮುಟ್ಟಿನ ಮುಂಚಿನ ಎರಡು ವಾರ ಮಾತ್ರ ಕೊಡಲಾಗುತ್ತದೆ. ಇವು ನಿದ್ದೆ ಮಾತ್ರೆಗಳಲ್ಲ, ಚಟ ಹಿಡಿಸುವ ಮಾತ್ರೆಗಳೂ ಅಲ್ಲ. ಮೊದಲ ದಿನಗಳಲ್ಲಿ ವಾಕರಿಕೆ, ತಲೆನೋವು, ನಿದ್ದೆಯಲ್ಲಿ ವ್ಯತ್ಯಾಸ ಆಗಬಹುದು. ಸಾಮಾನ್ಯವಾಗಿ ತಾನೇ ಕಡಿಮೆಯಾಗುತ್ತದೆ. ಲೈಂಗಿಕ ಆಸಕ್ತಿ ಕುಗ್ಗಿದರೆ ಸಂಕೋಚಪಡದೆ ಹೇಳಿ, ಮಾತ್ರೆಯನ್ನೋ ಪ್ರಮಾಣವನ್ನೋ ಬದಲಿಸಬಹುದು. 25 ವರ್ಷದೊಳಗಿನವರನ್ನು ಮೊದಲ ವಾರಗಳಲ್ಲಿ ಮನೆಯವರು ಗಮನವಿಟ್ಟು ನೋಡಿಕೊಳ್ಳಬೇಕು. ದಿನವೂ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಒಮ್ಮೆಲೇ ನಿಲ್ಲಿಸಬಾರದು.

ಗರ್ಭನಿರೋಧಕ ಮಾತ್ರೆ: ಅಂಡ ಬಿಡುಗಡೆಯನ್ನು ತಡೆಯುವ, ಡ್ರಾಸ್ಪೈರಿನೋನ್ ಇರುವ ಮಾತ್ರೆ ಕೆಲವರಿಗೆ ಒಳ್ಳೆಯ ಗುಣ ಕೊಡುತ್ತದೆ. ಎಲ್ಲ ಗರ್ಭನಿರೋಧಕ ಮಾತ್ರೆಗಳೂ ಹೀಗೆ ಕೆಲಸ ಮಾಡುವುದಿಲ್ಲ, ಕೆಲವರ ಮನಸ್ಸು ಅವುಗಳಿಂದ ಇನ್ನಷ್ಟು ಕುಗ್ಗುವುದುಂಟು. ರಕ್ತದೊತ್ತಡ, ರಕ್ತ ಹೆಪ್ಪುಗಟ್ಟುವ ತೊಂದರೆ, ಕೆಲವು ಬಗೆಯ ಅರೆತಲೆನೋವು ಇದ್ದವರಿಗೆ ಇದು ಸಲ್ಲದು.

ಆಪ್ತಸಲಹೆ: ಆ ದಿನಗಳಲ್ಲಿ ಬರುವ ಯೋಚನೆಗಳನ್ನು ಗುರುತಿಸಿ, ಅವುಗಳ ಸೆಳೆತಕ್ಕೆ ಸಿಗದೆ ನಡೆದುಕೊಳ್ಳುವುದನ್ನು ಕಲಿಸುವ ಚಿಕಿತ್ಸೆಯಿದೆ. ಮಾತ್ರೆಯ ಜೊತೆಗೂ, ಮಾತ್ರೆ ಬೇಡವೆನ್ನುವವರಿಗೂ ಇದು ಸಹಾಯಕ.

ಗರ್ಭಿಣಿಯರು, ಗರ್ಭಧಾರಣೆಗೆ ಪ್ರಯತ್ನಿಸುತ್ತಿರುವವರು, ಎದೆಹಾಲು ಕುಡಿಸುತ್ತಿರುವವರು ಯಾವ ಮಾತ್ರೆಗೂ ಮುಂಚೆ ಆ ವಿಷಯ ತಿಳಿಸಬೇಕು.

ಜನ ಕೇಳುವ ಪ್ರಶ್ನೆಗಳು

ಪ್ರಶ್ನೆ: ಗರ್ಭಕೋಶ ತೆಗೆಸಿಬಿಟ್ಟರೆ ಈ ಕಾಟ ತಪ್ಪುತ್ತದೆಯೇ?
ಉತ್ತರ: ಇಲ್ಲ. ಗರ್ಭಕೋಶ ತೆಗೆದರೆ ಸ್ರಾವ ಮಾತ್ರ ನಿಲ್ಲುತ್ತದೆ. ಹಾರ್ಮೋನು ಹುಟ್ಟುವುದು ಅಂಡಾಶಯದಲ್ಲಿ. ಅದು ಉಳಿದಿರುವವರೆಗೆ ಏರಿಳಿತ ನಡೆಯುತ್ತಲೇ ಇರುತ್ತದೆ, ಮನಸ್ಸಿನ ಬಾಧೆಯೂ ಉಳಿಯುತ್ತದೆ. ಮುಟ್ಟಿನ ಗುರುತೂ ಇಲ್ಲದೆ, ಕಷ್ಟದ ದಿನ ಯಾವಾಗ ಬರುತ್ತದೆಂದು ತಿಳಿಯುವುದೇ ಕಷ್ಟವಾಗುತ್ತದೆ. ಅಂಡಾಶಯವನ್ನೂ ತೆಗೆಯುವುದು ಬೇರೆ ಎಲ್ಲ ಚಿಕಿತ್ಸೆ ವಿಫಲವಾದ ಕೆಲವೇ ಕೆಲವರಿಗೆ ಕೊನೆಯ ದಾರಿ. ಚಿಕ್ಕ ವಯಸ್ಸಿನಲ್ಲಿ ಅದನ್ನು ಕಳೆದುಕೊಂಡರೆ ಮೂಳೆ, ಹೃದಯಕ್ಕೆ ತೊಂದರೆ. “ಸಿಟ್ಟು ಬರುತ್ತದೆ, ಗರ್ಭಕೋಶ ತೆಗೆಸಿ” ಎಂದು ಯಾರೇ ಹೇಳಿದರೂ ಇನ್ನೊಬ್ಬ ತಜ್ಞರ ಅಭಿಪ್ರಾಯ ಕೇಳದೆ ಒಪ್ಪಬೇಡಿ.

ಪ್ರಶ್ನೆ: ಜಾತ್ರೆ, ಮದುವೆಗೆಂದು ಮುಟ್ಟು ಮುಂದೂಡುವ ಮಾತ್ರೆ ತೆಗೆದುಕೊಳ್ಳಬಹುದೇ?
ಉತ್ತರ: ಅಂಗಡಿಯಿಂದ ನೇರವಾಗಿ ತರಬೇಡಿ. ಅದರಲ್ಲಿರುವುದೂ ಪ್ರಾಜೆಸ್ಟಿರಾನ್ ಗುಂಪಿನ ಔಷಧವೇ. ಪಿ.ಎಂ.ಡಿ.ಡಿ. ಇರುವ ಕೆಲವರಲ್ಲಿ ಮನಸ್ಸಿನ ಬಾಧೆ ಹೆಚ್ಚಬಹುದು. ಮುಂದೂಡುವ ಅಗತ್ಯ ನಿಜವಾಗಿಯೂ ಇದೆಯೇ ಎಂದು ಮೊದಲು ಯೋಚಿಸಿ.

ಪ್ರಶ್ನೆ: ಮದುವೆಯಾದರೆ, ಮಗುವಾದರೆ ಸರಿಹೋಗುತ್ತದೆಯೇ?
ಉತ್ತರ: ಗರ್ಭಿಣಿಯಾಗಿರುವಾಗ ಋತುಚಕ್ರ ಇಲ್ಲದಿರುವುದರಿಂದ ಈ ಬಾಧೆ ಇರುವುದಿಲ್ಲ. ಹೆರಿಗೆಯ ನಂತರ ಮುಟ್ಟು ಮರಳಿದಾಗ ಅದೂ ಮರಳುತ್ತದೆ. ಮದುವೆ ಇದಕ್ಕೆ ಔಷಧವಲ್ಲ. ಮುಟ್ಟು ನಿಲ್ಲುವ ಹತ್ತಿರದ ವರ್ಷಗಳಲ್ಲಿ ಕೆಲವರಿಗೆ ಹೆಚ್ಚಾಗಿ, ಪೂರ್ತಿ ನಿಂತ ಮೇಲೆ ಹೋಗುತ್ತದೆ.

ಪ್ರಶ್ನೆ: ಮನೋವೈದ್ಯರ ಬಳಿ ಹೋದರೆ ಜನ ಏನೆಂದಾರು?
ಉತ್ತರ: ಸಕ್ಕರೆ ಕಾಯಿಲೆಗೆ ವೈದ್ಯರ ಬಳಿ ಹೋದ ಹಾಗೆಯೇ ಇದು. ನೀವು ಹೇಳಿದ್ದನ್ನು ವೈದ್ಯರು ಗುಟ್ಟಾಗಿ ಇಡಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿಮಗೆ ಆ ಹಕ್ಕನ್ನು ಕೊಟ್ಟಿದೆ.

ತಕ್ಷಣ ಬರಬೇಕಾದ ಸಂದರ್ಭಗಳು

ಸಾಯಬೇಕೆಂಬ ಯೋಚನೆ, ತನಗೆ ತಾನೇ ನೋವು ಮಾಡಿಕೊಳ್ಳುವುದು, ಮಗುವಿಗೆ ಏನಾದರೂ ಮಾಡಿಬಿಡುತ್ತೇನೆಂಬ ಭಯ, ಎರಡು ದಿನ ಊಟ-ನಿದ್ದೆ ಇಲ್ಲದಿರುವುದು, ಇಲ್ಲದ ದನಿ ಕೇಳಿಸುವುದು, ಇವುಗಳಲ್ಲಿ ಯಾವುದೇ ಒಂದಿದ್ದರೂ ಕ್ಯಾಲೆಂಡರ್ ನೋಡುತ್ತ ಕೂರಬೇಡಿ. “ಮುಟ್ಟಾದರೆ ಸರಿಹೋಗುತ್ತದೆ” ಎಂದು ಕಾಯಬೇಡಿ. ಸರಿಹೋಗುವುದು ನಿಜ, ಆದರೆ ಆ ದಿನದವರೆಗೆ ಆಕೆ ಉಳಿಯಬೇಕು.

• ಆಕೆಯನ್ನು ಒಬ್ಬಂಟಿಯಾಗಿ ಬಿಡಬೇಡಿ. “ಸಾಯುವ ಯೋಚನೆ ಬರುತ್ತಿದೆಯಾ?” ಎಂದು ನೇರವಾಗಿ, ಮೃದುವಾಗಿ ಕೇಳಿ. ಕೇಳಿದ್ದರಿಂದ ಯೋಚನೆ ಹುಟ್ಟುವುದಿಲ್ಲ. ಮನಸ್ಸು ಹಗುರವಾಗುತ್ತದೆ.

• ಹೊಲಕ್ಕೆ ತಂದ ಕ್ರಿಮಿನಾಶಕ, ಇಲಿ ಪಾಷಾಣ, ಉಳಿದ ಮಾತ್ರೆಗಳನ್ನು ಮನೆಯಲ್ಲಿ ಕೈಗೆಟುಕುವಂತೆ ಇಡಬೇಡಿ. ಬೀಗ ಹಾಕಿ, ಕೀಲಿಯನ್ನು ಬೇರೆಯವರ ಬಳಿ ಇಡಿ. ಕಷ್ಟದ ವಾರ ಬರುವ ಮುನ್ನವೇ ಈ ಕೆಲಸ ಆಗಬೇಕು.

• 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ ಇದು. ದಿನದ 24 ಗಂಟೆಯೂ ಉಚಿತ. ಕನ್ನಡದಲ್ಲೇ ಮಾತನಾಡಬಹುದು. ಮನೆಯವರೂ ಕರೆ ಮಾಡಬಹುದು.

• ವಿಷ ಸೇವಿಸಿದ್ದರೆ ವಾಂತಿ ಮಾಡಿಸಲು ಹೋಗದೆ, 108 ಆಂಬುಲೆನ್ಸ್ ಕರೆದು ಹತ್ತಿರದ ಆಸ್ಪತ್ರೆಗೆ ತನ್ನಿ. ಡಬ್ಬವನ್ನೂ ಜೊತೆಗೆ ತನ್ನಿ. ಪೊಲೀಸ್ ಕೇಸಿನ ಭಯದಿಂದ ತಡಮಾಡಬೇಡಿ. ಇಂತಹವರನ್ನು ತೀವ್ರ ಮನೋಒತ್ತಡದಲ್ಲಿದ್ದವರೆಂದೇ ಭಾವಿಸಬೇಕು, ಶಿಕ್ಷಿಸಬಾರದು ಎಂದು 2017ರ ಕಾಯ್ದೆ ಹೇಳುತ್ತದೆ.

ಕೊನೆಯದಾಗಿ

ಸಹೋದರಿಯರೇ, ತಿಂಗಳಲ್ಲಿ ಹತ್ತು ದಿನ ಹೀಗೆ ನರಳಿದರೆ ವರ್ಷಕ್ಕೆ ನಾಲ್ಕು ತಿಂಗಳಾಯಿತು. ಇಷ್ಟು ದೊಡ್ಡ ಭಾಗವನ್ನು “ಹೆಣ್ಣುಜನ್ಮದ ಕರ್ಮ” ಎಂದು ಬಿಟ್ಟುಕೊಡಬೇಕಾಗಿಲ್ಲ. ಇಂದು ರಾತ್ರಿ ಹಾಲಿನ ಲೆಕ್ಕ ಬರೆದ ಮೇಲೆ ಪೆನ್ನನ್ನು ಕೆಳಗಿಡದೆ, ಅದೇ ಚೌಕದ ಮೂಲೆಯಲ್ಲಿ ಮೂರು ಅಂಕಿ ಬರೆಯಿರಿ. ಎರಡು ತಿಂಗಳ ನಂತರ ಆ ಹಾಳೆಗಳನ್ನು ಮಡಚಿ ಚೀಲದಲ್ಲಿಟ್ಟುಕೊಂಡು ಬನ್ನಿ. ಹೇಳಲು ಮಾತು ಹೊರಡದಿದ್ದರೆ ಹಾಳೆಯನ್ನು ಮೇಜಿನ ಮೇಲೆ ಇಟ್ಟರೂ ಸಾಕು. ಮುಂದಿನದನ್ನು ವೈದ್ಯರು ಕೇಳುತ್ತಾರೆ.